ಎಣಿಸುವ ತಪಸ್ಸು, ಕರಗದ ‘ನಾನು’



ಚಾತುರ್ಮಾಸವೆಂಬುದು ಕರುಣೆಯಿಂದ ಹುಟ್ಟಿದ ನಿಯಮ. ಮಳೆ ಬಿದ್ದ ನೆಲದಲ್ಲಿ ಹುಲ್ಲು ಚಿಗುರುತ್ತದೆ, ಕಣ್ಣಿಗೆ ಕಾಣದ ಕ್ರಿಮಿಕೀಟಗಳು ಅಸಂಖ್ಯವಾಗಿ ಹುಟ್ಟುತ್ತವೆ. ಅವು ಕಾಲಡಿಗೆ ಸಿಕ್ಕಬಾರದೆಂದು ನಮ್ಮ ಮುನಿಗಳು ನಾಲ್ಕು ತಿಂಗಳು ವಿಹಾರವನ್ನೇ ನಿಲ್ಲಿಸಿ ಒಂದೆಡೆ ನೆಲೆ ನಿಲ್ಲುತ್ತಾರೆ. ಒಂದು ಇರುವೆಯ ಪ್ರಾಣಕ್ಕೂ ಇಷ್ಟು ಬೆಲೆ ಕಟ್ಟಿದ ಧರ್ಮ ನಮ್ಮದೆಂದು ನಾವು ಹೆಮ್ಮೆಪಡುತ್ತೇವೆ. ಆ ಹೆಮ್ಮೆಗೆ ಕಾರಣವೂ ಇದೆ.

ಇಂಥದೊಂದು ಚಾತುರ್ಮಾಸದಲ್ಲಿಯೇ, 2016ರಲ್ಲಿ, ನಾವು ವಾಸವಾಗಿರುವ ಈ ಹೈದರಾಬಾದ್ ಮಹಾನಗರದಲ್ಲಿ 13 ವರ್ಷದ ಒಬ್ಬ ಜೈನ ಬಾಲಕಿ 68 ದಿನಗಳ ಉಪವಾಸ ಮಾಡಿದಳು. ಅಕ್ಟೋಬರ್ ತಿಂಗಳ ಮೊದಲ ವಾರದಲ್ಲಿ ಪಾರಣೆಯಾಯಿತು. ಅದಾದ ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡಳು. ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ಮಗು. ಪತ್ರಿಕೆಗಳಲ್ಲಿ ಬಂದ ಚಿತ್ರಗಳಲ್ಲಿ ಆಕೆಯನ್ನು ವಧುವಿನಂತೆ ಅಲಂಕರಿಸಿ ರಥದಲ್ಲಿ ಕೂರಿಸಿದ್ದರು. ಶವಯಾತ್ರೆಗೂ ನೂರಾರು ಮಂದಿ ಸೇರಿದರು. ಅದನ್ನು ಶೋಭಾಯಾತ್ರೆಯೆಂದು ಕರೆದರು, ಮಗುವನ್ನು ಬಾಲ ತಪಸ್ವಿನಿ ಎಂದರು. ಮಕ್ಕಳ ಹಕ್ಕುಗಳ ಸಂಘಟನೆಯೊಂದರ ದೂರಿನ ಮೇಲೆ ಪೊಲೀಸರು ತಂದೆತಾಯಿಯರ ವಿರುದ್ಧ ಪ್ರಕರಣ ದಾಖಲಿಸಿದರು. ಉಪವಾಸದ ಹಿಂದಿನ ಉದ್ದೇಶವನ್ನು ಕುರಿತು ಏನೇನೋ ಆರೋಪಗಳು ಬಂದವು, ಮನೆಯವರು ಅವನ್ನು ಒಪ್ಪಲಿಲ್ಲ. ಆ ವಾದವಿವಾದಕ್ಕೆ ನಾವು ಇಲ್ಲಿ ಇಳಿಯುವುದಿಲ್ಲ. ಮಗಳನ್ನು ಕಳೆದುಕೊಂಡ ಮನೆಯ ಮೇಲೆ ಕಲ್ಲೆಸೆಯುವುದು ಶ್ರಾವಕರ ಕೆಲಸವಲ್ಲ. ಆದುದರಿಂದ ಆ ಮಗುವಿನ ಹೆಸರನ್ನೂ ಕುಟುಂಬದ ಹೆಸರನ್ನೂ ಇಲ್ಲಿ ಬರೆದಿಲ್ಲ.

ಆದರೆ ಆ ಮನೆಯ ಹಿರಿಯರು ಅಂದು ಹೇಳಿದರೆಂದು ವರದಿಯಾದ ಮಾತಿನ ತಾತ್ಪರ್ಯವನ್ನು ಮರೆಯಲಾಗದು. ನಾವು ಏನನ್ನೂ ಮುಚ್ಚಿಡಲಿಲ್ಲ, ಉಪವಾಸ ನಡೆದಿರುವುದು ಎಲ್ಲರಿಗೂ ಗೊತ್ತಿತ್ತು, ಬಂದವರೆಲ್ಲ ಮಗುವಿನೊಡನೆ ಭಾವಚಿತ್ರ ತೆಗೆಸಿಕೊಂಡು ಹೋದರು, ಈಗ ನಮ್ಮತ್ತ ಬೆರಳು ತೋರಿಸುತ್ತಿದ್ದಾರೆ ಎಂಬುದು ಅದರ ಸಾರ. ಈ ಮಾತು ನ್ಯಾಯಾಲಯದಲ್ಲಿ ಸಮರ್ಥನೆಯಾಗಿ ನಿಲ್ಲುವುದೋ ಇಲ್ಲವೋ, ಸಮಾಜದ ಮುಂದೆ ಅದೊಂದು ಆರೋಪಪಟ್ಟಿಯಾಗಿ ನಿಲ್ಲುತ್ತದೆ. ಎರಡು ತಿಂಗಳಿಗೂ ಮೀರಿದ ಅವಧಿಯಲ್ಲಿ ಆ ಮಗುವನ್ನು ನೋಡಿ ಕೈಮುಗಿದವರು ಎಷ್ಟು ಜನ! ‘ಸಾಕು ತಾಯಿ, ಇನ್ನು ಊಟ ಮಾಡು’ ಎಂದವರು ಎಷ್ಟು ಜನ?

ಆಗ ನಮ್ಮ ಕನ್ನಡ ಜೈನ ಕುಟುಂಬಗಳಲ್ಲಿ ಕೇಳಿಬಂದ ಮಾತು ಇನ್ನೊಂದು ಬಗೆಯದು. ‘ಅವರು ಉತ್ತರದವರು, ಶ್ವೇತಾಂಬರ ಪರಂಪರೆಯವರು, ನಮ್ಮಲ್ಲಿ ಇಂಥದಿಲ್ಲ’ ಎಂದು ಅನೇಕರು ನೆಮ್ಮದಿಪಟ್ಟುಕೊಂಡರು. ಈ ನೆಮ್ಮದಿ ಸುಳ್ಳು. ನಮ್ಮ ಬಸದಿಗಳ ಮುಂದೆಯೂ ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಉಪವಾಸ ಮಾಡಿದವರ ಭಾವಚಿತ್ರದ ಫ್ಲೆಕ್ಸುಗಳು ಏಳುತ್ತವೆ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿಯೂ ಯಾರದು ಎಷ್ಟನೆಯ ದಿನವೆಂದು ಬೆಳಗ್ಗೆ ಬೆಳಗ್ಗೆ ಎಣಿಕೆ ನಡೆಯುತ್ತದೆ. ನಮ್ಮ ಸಭೆಗಳಲ್ಲಿಯೂ ‘ಅತಿ ಕಿರಿಯ ವ್ರತಿ’ಗೆ ಶಾಲು ಹೊದಿಸಿ ಚಪ್ಪಾಳೆ ತಟ್ಟುತ್ತಾರೆ. ದಿನಗಳ ಸಂಖ್ಯೆಯಲ್ಲಿ ವ್ಯತ್ಯಾಸವಿದ್ದೀತು, ಎಣಿಸುವ ಮನಸ್ಸು ಒಂದೇ.

ಆದುದರಿಂದ ಈ ಸಂಚಿಕೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು: ತಪಸ್ಸನ್ನು ಅಳೆಯುವುದು ಯಾವುದರಿಂದ? ದಿನಗಳಿಂದಲೇ? ಅಥವಾ ಆ ದಿನಗಳಲ್ಲಿ ನಮ್ಮೊಳಗೆ ಕರಗಿದ್ದು ಏನು ಎಂಬುದರಿಂದಲೇ?

ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಉದ್ಯೋಗಕ್ಕಾಗಿ ತೆಲಂಗಾಣಕ್ಕೆ ಬಂದ ಕನ್ನಡ ಜೈನರು ಇದನ್ನು ಪರನಾಡೆಂದು ತಿಳಿಯುವುದುಂಟು. ರಜೆಯಲ್ಲಿ ಸುಮಾರು 80 ಕಿಲೋಮೀಟರ್ ದೂರದ ಕೊಲನುಪಾಕಕ್ಕೆ ಮಕ್ಕಳನ್ನು ಕರೆದೊಯ್ದು ದರ್ಶನ ಮಾಡಿಸಿ ಬರುವುದರೊಂದಿಗೆ ನಮ್ಮ ಸಂಬಂಧ ಮುಗಿಯಿತೆಂದುಕೊಳ್ಳುತ್ತೇವೆ. ವಾಸ್ತವವಾಗಿ ಕನ್ನಡ ಜೈನ ಸಾಹಿತ್ಯದ ತೊಟ್ಟಿಲು ತೂಗಿದ್ದು ಈ ನೆಲದಲ್ಲಿ. ಇಂದಿನ ರಾಜನ್ನ ಸಿರಿಸಿಲ್ಲ ಜಿಲ್ಲೆಯ ವೇಮುಲವಾಡ ಅಂದು ಚಾಲುಕ್ಯ ಅರಿಕೇಸರಿಯ ರಾಜಧಾನಿ. ಅಲ್ಲಿ ಅವನ ಆಶ್ರಯದಲ್ಲಿದ್ದ ಪಂಪ 941ರಲ್ಲಿ ಆದಿಪುರಾಣವನ್ನು ಬರೆದ. ಅವನ ತಮ್ಮ ಜಿನವಲ್ಲಭ ಕರೀಂನಗರ ಸೀಮೆಯ ಕುರಿಕ್ಯಾಲದ ಬೆಟ್ಟದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಶಾಸನ ಬರೆಸಿದ. ನಿಜಾಮಾಬಾದ್ ಜಿಲ್ಲೆಯ ಬೋಧನ್ ಪಟ್ಟಣವನ್ನು ಹಲವು ವಿದ್ವಾಂಸರು ಪೌದನಪುರವೆಂದು, ಎಂದರೆ ಬಾಹುಬಲಿಯ ರಾಜಧಾನಿಯೆಂದು ಗುರುತಿಸುತ್ತಾರೆ. ಪೌದನಪುರದಲ್ಲಿ ಭರತ ಚಕ್ರವರ್ತಿ ನಿಲ್ಲಿಸಿದ ಬಾಹುಬಲಿಯ ಮೂರ್ತಿಯನ್ನು ಕಾಣಬೇಕೆಂದು ಚಾವುಂಡರಾಯನ ತಾಯಿ ಹಂಬಲಿಸಿದಳು, ಆ ಹಂಬಲವೇ ಶ್ರವಣಬೆಳಗೊಳದ ಮಹಾಮೂರ್ತಿಗೆ ಕಾರಣವಾಯಿತು ಎಂಬ ಐತಿಹ್ಯ ನಮಗೆಲ್ಲರಿಗೂ ಗೊತ್ತು. ಹೀಗೆ ನೋಡಿದರೆ, ಆ ಮಗು ಉಪವಾಸ ಮಾಡಿದ ನಾಡು ಬಾಹುಬಲಿಯ ನಾಡು.

ಬಾಹುಬಲಿಯ ತಪಸ್ಸು ಎಷ್ಟು ದಿನದ್ದು? ಒಂದು ವರ್ಷ. ಅನ್ನವಿಲ್ಲ, ನೀರಿಲ್ಲ, ಅಲುಗಾಟವಿಲ್ಲ. ಕಾಲಿನ ಬಳಿ ಹುತ್ತ ಬೆಳೆಯಿತು, ತೋಳುಗಳಿಗೆ ಬಳ್ಳಿ ಹಬ್ಬಿತು. ಎಣಿಸುವವರ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಸಂಖ್ಯೆ ಇಲ್ಲ. ಆದರೂ ಕೇವಲಜ್ಞಾನ ಉದಿಸಲಿಲ್ಲ. ಏಕೆ? ‘ನನ್ನಿಂದ ಭರತನಿಗೆ ಕ್ಲೇಶವಾಯಿತಲ್ಲ’ ಎಂಬ ಒಂದು ಎಳೆ ಮನಸ್ಸಿನಲ್ಲಿ ಉಳಿದಿತ್ತು ಎನ್ನುತ್ತದೆ ನಮ್ಮ ಪುರಾಣ. ‘ನಾನು ನಿಂತಿರುವುದು ಭರತನ ನೆಲ’ ಎಂಬ ಶಲ್ಯ ಚುಚ್ಚುತ್ತಿತ್ತು ಎಂಬುದು ಜನಜನಿತ ಕಥೆ. ಶ್ವೇತಾಂಬರ ಪರಂಪರೆಯಲ್ಲಿ, ತನಗಿಂತ ಮೊದಲೇ ದೀಕ್ಷೆ ಪಡೆದ ಕಿರಿಯ ಸೋದರರಿಗೆ ತಲೆಬಾಗಲು ಬಾಹುಬಲಿಯ ಮಾನ ಒಪ್ಪಲಿಲ್ಲ. ಬ್ರಾಹ್ಮಿ, ಸುಂದರಿಯರು ಬಂದು, ಆನೆಯಿಂದ ಕೆಳಗಿಳಿ ಅಣ್ಣ ಎಂದು ಎಚ್ಚರಿಸಿದರು. ಕಥೆಗಳು ಬೇರೆ ಬೇರೆ, ಹೇಳುವುದು ಒಂದನ್ನೇ. ಹೊರಗೆ ಹುತ್ತ ಬೆಳೆಯುವಷ್ಟು ಕಾಲ ನಿಂತರೂ ಒಳಗೆ ‘ನಾನು’ ನಿಂತೇ ಇರಬಲ್ಲುದು. ಅದು ಇಳಿಯಿತೆಂದರೆ ಒಂದು ಕ್ಷಣ ಸಾಕು.

ಒಂದು ಕ್ಷಣ ಸಾಕೆಂಬುದಕ್ಕೆ ಅದೇ ಮನೆಯ ಇನ್ನೊಬ್ಬ ಮಗನೇ ಸಾಕ್ಷಿ. ಷಟ್ಖಂಡವನ್ನು ಆಳಿ, ಅರಮನೆಯಲ್ಲಿದ್ದು, ಸಂಸಾರ ನಡೆಸಿದ ಭರತ ದೀಕ್ಷೆ ವಹಿಸಿದ ಅಂತರ್ಮುಹೂರ್ತದಲ್ಲಿ ಕೇವಲಿಯಾದ. ಅಂತರ್ಮುಹೂರ್ತವೆಂದರೆ 48 ನಿಮಿಷಕ್ಕೂ ಕಡಿಮೆ ಅವಧಿ. ಅಣ್ಣನಿಗೆ ಮುಹೂರ್ತಕ್ಕಿಂತ ಕಡಿಮೆ, ತಮ್ಮನಿಗೆ ಸಂವತ್ಸರ. ದಿನಗಳೇ ತಪಸ್ಸಿನ ಅಳತೆಯಾಗಿದ್ದರೆ ಈ ಲೆಕ್ಕ ಹೊಂದುವುದಾದರೂ ಹೇಗೆ? ಭರತನ ನಿತ್ಯಜೀವನವೇ ಅವನ ತಪಸ್ಸಾಗಿತ್ತು ಎಂಬ ತಿಳಿವಿನಿಂದಲೇ 16ನೆಯ ಶತಮಾನದಲ್ಲಿ ರತ್ನಾಕರವರ್ಣಿ ಭರತೇಶ ವೈಭವವನ್ನು ಬರೆದ. ರಾಜ್ಯಭಾರದ ನಡುವೆ, ಊಟದ ನಡುವೆ, ಮಾತುಕತೆಯ ನಡುವೆ ತನ್ನನ್ನು ತಾನು ನೋಡಿಕೊಳ್ಳುವ ಗೃಹಸ್ಥನನ್ನು ಕನ್ನಡಿಗರಿಗೆ ಕೊಟ್ಟ. ಆ ಕಾವ್ಯ ನಮ್ಮ ಮನೆಗಳಲ್ಲಿದೆ, ಫ್ಲೆಕ್ಸಿನ ಗದ್ದಲದಲ್ಲಿ ಅದರ ಕಿವಿಮಾತು ಕೇಳಿಸುತ್ತಿಲ್ಲ.

ಇನ್ನೊಂದು ಪ್ರಸಂಗವೂ ಆದಿಪುರಾಣದ್ದೇ, ಮತ್ತು ಅದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ವೃಷಭಸ್ವಾಮಿ ದೀಕ್ಷೆ ವಹಿಸಿದಾಗ ಅವನೊಡನೆ 4000 ರಾಜರೂ ದೀಕ್ಷೆ ವಹಿಸಿದರು. ಅವರಿಗೆ ತತ್ತ್ವದ ಅರಿವಿರಲಿಲ್ಲ, ಒಡೆಯನ ಮೇಲಿನ ಭಕ್ತಿಯಿತ್ತು ಅಷ್ಟೆ. ಸ್ವಾಮಿ ಆರು ತಿಂಗಳ ಉಪವಾಸದಲ್ಲಿ ನಿಂತ. ಇವರು ಹಸಿವು ಬಾಯಾರಿಕೆ ತಾಳಲಾರದೆ ಕಂಗೆಟ್ಟರು. ಮನೆಗೆ ಹಿಂದಿರುಗಲು ಭಯ, ನಿಲ್ಲಲು ಶಕ್ತಿಯಿಲ್ಲ. ಕೊನೆಗೆ ಕಾಡಿನ ಗೆಡ್ಡೆಗೆಣಸು ತಿಂದು ಭ್ರಷ್ಟರಾದರು. ನಮ್ಮ ಪರಂಪರೆಯ ಮೊದಲ ಮುನಿದೀಕ್ಷೆಯ ದಿನವೇ ಪುರಾಣಕಾರರು ಈ ಎಚ್ಚರಿಕೆಯನ್ನು ಇಟ್ಟಿದ್ದಾರೆ. ಇನ್ನೊಬ್ಬರ ತಪಸ್ಸನ್ನು ನಾವು ತೊಟ್ಟುಕೊಳ್ಳಲಾಗದು. ಭಕ್ತಿ ಎಷ್ಟೇ ದೊಡ್ಡದಿರಲಿ, ಅರಿವಿಲ್ಲದ ವ್ರತ ಭಾರವೇ ಹೊರತು ಮೆಟ್ಟಿಲಲ್ಲ.

ಆರು ತಿಂಗಳ ಅನಂತರ ಸ್ವಾಮಿ ಏನು ಮಾಡಿದ? ಆಹಾರಕ್ಕೆ ಹೊರಟ! ಮೋಕ್ಷಾರ್ಥಿಗಳು ಶರೀರವನ್ನು ಕೇವಲ ಕೃಶಗೊಳಿಸಲೂಬಾರದು, ರುಚಿಯಾದ ರಸಗಳಿಂದ ಕೊಬ್ಬಿಸಲೂಬಾರದು, ನಡುವಿನ ಹಾದಿ ಹಿಡಿಯಬೇಕೆಂದು ಅವನು ಚಿಂತಿಸಿದನೆಂದು ಜಿನಸೇನಾಚಾರ್ಯರು ಹೇಳುತ್ತಾರೆ. ಮುಂದೆ ಬರುವ ಮುನಿಗಳಿಗೆ ದಾರಿ ತೋರಿಸಲೆಂದೇ ಅವನು ಚರ್ಯೆಗೆ ಹೊರಟ. ಆಹಾರ ನೀಡುವ ಕ್ರಮ ತಿಳಿಯದ ಜನ ಆನೆ, ಕುದುರೆ, ಆಭರಣಗಳನ್ನು ಮುಂದಿಟ್ಟರು. ಮತ್ತೆ ತಿಂಗಳುಗಳು ಕಳೆದವು. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸ ಕಬ್ಬಿನ ಹಾಲು ನೀಡಿದ ದಿನವನ್ನು ನಾವು ಅಕ್ಷಯ ತೃತೀಯೆ ಎಂದು ಆಚರಿಸುತ್ತೇವೆ. ಗಮನಿಸಿ, ಪರಂಪರೆ ಹಬ್ಬ ಮಾಡಿದ್ದು ಆಹಾರ ನೀಡಿದ ದಿನವನ್ನು. ಹಸಿದವರಿಗೆ ಉಣಿಸಿದ ಶ್ರೇಯಾಂಸನನ್ನು ಅದು ದಾನತೀರ್ಥದ ಪ್ರವರ್ತಕನೆಂದು ಹೊಗಳಿತು.

ಇಷ್ಟನ್ನು ನೆನೆದಮೇಲೆ ಉಪವಾಸವೇ ಬೇಡವೆಂದು ನಾವು ಹೇಳುತ್ತಿದ್ದೇವೆಂದು ಯಾರೂ ಭಾವಿಸಬಾರದು. ಅನಶನ ನಮ್ಮ ಹನ್ನೆರಡು ತಪಗಳಲ್ಲಿ ಒಂದು, ಆರು ಬಾಹ್ಯ ತಪಗಳಲ್ಲಿ ಮೊದಲನೆಯದು. ಆದರೆ ಬಾಹ್ಯ ತಪಗಳನ್ನು ಹೇಳಿರುವುದು ಅಂತರಂಗದ ಆರು ತಪಗಳಿಗೆ ದಾರಿಯಾಗಿ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಎಂಬ ಈ ಆರನ್ನು ಗಮನಿಸಿ. ಇವುಗಳಲ್ಲಿ ಯಾವುದನ್ನು ರಥದ ಮೇಲೆ ಕೂರಿಸಿ ಮೆರವಣಿಗೆ ಮಾಡಬಲ್ಲಿರಿ? ತಪ್ಪೊಪ್ಪಿಕೊಂಡವನ ಭಾವಚಿತ್ರವನ್ನು ಯಾರು ಫ್ಲೆಕ್ಸಿಗೆ ಹಾಕುತ್ತಾರೆ? ಕಾಯಿಲೆ ಬಿದ್ದ ಅತ್ತೆಗೆ ರಾತ್ರಿಯೆಲ್ಲ ಶುಶ್ರೂಷೆ ಮಾಡಿದ ಸೊಸೆಗೆ ಯಾವ ಸಭೆಯಲ್ಲಿ ಶಾಲು ಹೊದಿಸುತ್ತಾರೆ? ಅಂತರಂಗದ ತಪಸ್ಸು ಕಣ್ಣಿಗೆ ಕಾಣದು, ಎಣಿಕೆಗೆ ಸಿಕ್ಕದು. ಎಣಿಕೆಗೆ ಸಿಕ್ಕುವ ಒಂದನ್ನು ಹಿಡಿದುಕೊಂಡು ನಾವು ಉಳಿದ ಹನ್ನೊಂದನ್ನು ಕೈಬಿಟ್ಟಿದ್ದೇವೆ.

ಉಪವಾಸವೆಂಬ ಪದವೇ ಇದನ್ನು ಹೇಳುತ್ತದೆ. ಹತ್ತಿರ ವಾಸಿಸುವುದು ಉಪವಾಸ. ಯಾರ ಹತ್ತಿರ? ತನ್ನ ಹತ್ತಿರ. ತಿಳಿಯುವ ಶಕ್ತಿಯೇ, ಅಂದರೆ ಉಪಯೋಗವೇ, ಜೀವದ ಲಕ್ಷಣವೆಂದು ತತ್ತ್ವಾರ್ಥಸೂತ್ರ ಹೇಳಿತು. ದಿನವಿಡೀ ನಮ್ಮ ಈ ತಿಳಿಯುವ ಶಕ್ತಿ ಹೊರಗಿನದನ್ನು ಹಿಂಬಾಲಿಸುತ್ತ ಅಲೆಯುತ್ತದೆ: ಕಚೇರಿಯ ಬಡ್ತಿ, ಅಪಾರ್ಟ್‌ಮೆಂಟಿನ ಕಂತು, ಮಕ್ಕಳ ಅಂಕ, ಮೊಬೈಲಿನ ತೆರೆ. ಒಂದು ದಿನ ಅಡುಗೆಯ ಗಡಿಬಿಡಿಯನ್ನೂ ನಾಲಗೆಯ ಚಾಪಲ್ಯವನ್ನೂ ಬದಿಗಿಟ್ಟು ಆ ಶಕ್ತಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡರೆ ಅದು ಉಪವಾಸ. ಆಗ ಕ್ರೋಧ, ಮಾನ, ಮಾಯೆ, ಲೋಭಗಳು ಎಲ್ಲಿಂದ ಏಳುತ್ತವೆಂದು ಕಾಣಿಸುತ್ತದೆ. ಹಸಿದಾಗ ಸಿಡುಕು ಬರುವುದನ್ನು ನೋಡಿಕೊಂಡವನಿಗೆ ತನ್ನ ಕ್ರೋಧದ ಪರಿಚಯವಾಯಿತು. ‘ನಾನು ಉಪವಾಸವಿದ್ದೇನೆ, ಇವರಿಗೆ ಅರಿವಾಗಲಿಲ್ಲವಲ್ಲ’ ಎಂಬ ಮುನಿಸನ್ನು ನೋಡಿಕೊಂಡವನಿಗೆ ತನ್ನ ಮಾನದ ಪರಿಚಯವಾಯಿತು. ಅದನ್ನು ಬಿಟ್ಟು, ಹೊಟ್ಟೆಗೆ ಅನ್ನ ನಿಲ್ಲಿಸಿ ಮಾನಕ್ಕೆ ಹೊಗಳಿಕೆಯ ಊಟ ಬಡಿಸಿದರೆ, ಸೊರಗಿದ್ದು ದೇಹ, ಕೊಬ್ಬಿದ್ದು ಕಷಾಯ. ಶಲ್ಯವಿಲ್ಲದವನೇ ವ್ರತಿಯೆಂದು ಆಚಾರ್ಯರು ಹೇಳಿದ್ದರ ಅರ್ಥ ಇದೇ.

ನಮ್ಮಲ್ಲಿ ಹಲವರು ಇಂಥ ವ್ರತಿಯೊಬ್ಬರನ್ನು ಚಿಕ್ಕಂದಿನಲ್ಲಿ ಕಂಡಿದ್ದೇವೆ. ಅವರು ನಮ್ಮ ಅಜ್ಜಿ. ಅಷ್ಟಮಿ, ಚತುರ್ದಶಿ ಬಂದರೆ ಅವರು ಉಪವಾಸ ಅಥವಾ ಒಪ್ಪತ್ತು. ಆದರೆ ಅಂದು ಅಡುಗೆ ನಿಲ್ಲುತ್ತಿರಲಿಲ್ಲ. ಮಕ್ಕಳಿಗೆಲ್ಲ ಸೂರ್ಯ ಮುಳುಗುವ ಮೊದಲೇ ಬಡಿಸಿ, ಹಟ ಮಾಡಿದವರಿಗೆ ಕಲಸಿ ತಿನ್ನಿಸಿ, ಪಾತ್ರೆ ತೊಳೆದಿಟ್ಟು, ಬಸದಿಗೆ ಹೋಗಿ ಬರುತ್ತಿದ್ದರು. ‘ಅಜ್ಜಿ, ನಿಮಗೆ ಊಟ?’ ಎಂದರೆ, ‘ಇವತ್ತು ನನಗೆ ಬೇಡ ಮಗಾ’ ಎಂಬಷ್ಟೇ ಉತ್ತರ. ನೋಂಪಿ ಹಿಡಿದು ವರ್ಷಗಳಾದರೂ ಅದರ ಸುದ್ದಿ ಪಕ್ಕದ ಮನೆಗೆ ತಿಳಿಯುತ್ತಿದ್ದುದು ಉದ್ಯಾಪನೆಯ ದಿನ, ಅದೂ ಎಲ್ಲರಿಗೂ ಊಟ ಹಾಕುವುದಕ್ಕಾಗಿ. ಆ ಅಜ್ಜಿ ಮೊಮ್ಮಗುವಿಗೆ ಉಪವಾಸ ಹಾಕಿದ್ದನ್ನು ನಾವು ಕಾಣೆವು. ಮಗುವೇ ಆಸೆಪಟ್ಟು ‘ನಾನೂ ಇರುತ್ತೇನೆ’ ಎಂದರೆ, ‘ಇವತ್ತು ಸಿಹಿ ಬಿಡು, ಅದೇ ನಿನ್ನ ವ್ರತ’ ಎನ್ನುತ್ತಿದ್ದರು. ಶಾಸ್ತ್ರ ಓದದ ಅಜ್ಜಿಗೆ ರಸಪರಿತ್ಯಾಗದ ಮರ್ಮ ಗೊತ್ತಿತ್ತು, ಮಗುವಿನ ಶಕ್ತಿಯ ಅಳತೆಯೂ ಗೊತ್ತಿತ್ತು.

ಶಕ್ತಿಯ ಅಳತೆ ಎಂಬುದು ಶಾಸ್ತ್ರದ್ದೇ ಮಾತು. ತೀರ್ಥಂಕರ ಪ್ರಕೃತಿಗೆ ಕಾರಣವಾದ ಹದಿನಾರು ಭಾವನೆಗಳಲ್ಲಿ ಶಕ್ತಿಗೆ ತಕ್ಕ ತ್ಯಾಗ, ಶಕ್ತಿಗೆ ತಕ್ಕ ತಪ ಎಂದೇ ಹೇಳಿದೆ. ತಪ ಎಂದಷ್ಟೇ ಹೇಳಿ ಬಿಡದೆ ಆಚಾರ್ಯರು ‘ಶಕ್ತಿಗೆ ತಕ್ಕ’ ಎಂಬ ವಿಶೇಷಣವನ್ನು ಏಕೆ ಇಟ್ಟರು? ಇಡದಿದ್ದರೆ ನಾವು ಏನು ಮಾಡುತ್ತೇವೆಂದು ಅವರಿಗೆ ಗೊತ್ತಿತ್ತು. ‘ಎಂಟು ವರ್ಷ ತುಂಬಿದ ಮಗುವಿಗೆ ವ್ರತದ ಅರ್ಹತೆಯುಂಟೆಂದು ಶಾಸ್ತ್ರವೇ ಹೇಳುತ್ತದಲ್ಲ’ ಎಂದು ಕೆಲವರು ಕೇಳಿಯಾರು. ಹೇಳುತ್ತದೆ. ಅರ್ಹತೆಯುಂಟೆಂದರೆ ಎಲ್ಲ ವ್ರತವನ್ನೂ ಹೊರಿಸಬಹುದೆಂದು ಅರ್ಥವಲ್ಲ. ಅಹಿಂಸೆ, ಸತ್ಯ, ಅಚೌರ್ಯಗಳನ್ನು ಎಂಟು ವರ್ಷದ ಮಗು ಧಾರಾಳವಾಗಿ ಪಾಲಿಸಬಲ್ಲದು, ಕೆಲವೊಮ್ಮೆ ನಮಗಿಂತ ಚೆನ್ನಾಗಿ. ಎರಡು ತಿಂಗಳ ಅನಶನ ಬೇರೆ ಮಾತು. ಬೆಳೆಯುವ ದೇಹಕ್ಕೆ ಕೂಡಿಟ್ಟ ಸಂಗ್ರಹ ಕಡಿಮೆ. ದೊಡ್ಡವರ ಮೆಚ್ಚುಗೆಯೇ ಜಗತ್ತಾಗಿರುವ ವಯಸ್ಸಿನಲ್ಲಿ, ಸುತ್ತಲೂ ಕೈಮುಗಿದು ನಿಂತ ಜನರ ನಡುವೆ, ‘ನನಗೆ ಸಾಕಾಯಿತು’ ಎಂದು ಹೇಳುವ ಸ್ವಾತಂತ್ರ್ಯ ಆ ಮಗುವಿಗೆ ಎಲ್ಲಿ ಉಳಿದಿರುತ್ತದೆ? ಮಗುವೇ ಇಷ್ಟಪಟ್ಟಿತು ಎನ್ನುವವರು ಈ ಪ್ರಶ್ನೆಗೆ ಮೊದಲು ಉತ್ತರಿಸಲಿ.

ಇಲ್ಲಿ ವೈದ್ಯಶಾಸ್ತ್ರದ ಒಂದು ಮಾತನ್ನೂ ಎಲ್ಲ ಮನೆಗಳೂ ತಿಳಿದಿರಬೇಕು. ದೀರ್ಘ ಉಪವಾಸದಲ್ಲಿ ಅಪಾಯ ಪಾರಣೆಯೊಂದಿಗೆ ಮುಗಿಯುವುದಿಲ್ಲ, ಎಷ್ಟೋ ವೇಳೆ ಆಗಲೇ ಹೆಚ್ಚುತ್ತದೆ. ಬಹುದಿನ ಹಸಿದ ದೇಹಕ್ಕೆ ಒಮ್ಮೆಲೇ ಸಿಹಿಯೂ ಪಿಷ್ಟವೂ ಸೇರಿದರೆ ರಕ್ತದಲ್ಲಿದ್ದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳು ವೇಗವಾಗಿ ಜೀವಕೋಶಗಳೊಳಗೆ ಸರಿದುಹೋಗುತ್ತವೆ. ರಕ್ತದಲ್ಲಿ ಅವು ಕುಸಿದಾಗ ಹೃದಯದ ಬಡಿತ ತಾಳ ತಪ್ಪುತ್ತದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬಿಡುಗಡೆಯಾದ ಹಸಿದ ಸೆರೆಯಾಳುಗಳಲ್ಲಿ ಕೆಲವರು ಊಟ ಸಿಕ್ಕಿದ ಮೇಲೆ ತೀರಿಕೊಂಡಾಗ ವೈದ್ಯರು ಇದನ್ನು ಗುರುತಿಸಿದರು. ಆ ಬಾಲಕಿಯ ವಿಷಯದಲ್ಲಿ ನಡೆದದ್ದು ಇದೇ ಎಂದು ನಾವು ಹೇಳುತ್ತಿಲ್ಲ. ಪಾರಣೆಯ ದಿನವನ್ನು ಬ್ಯಾಂಡು, ಮೆರವಣಿಗೆ, ಮಿಠಾಯಿಗಳ ದಿನವಾಗಿಸುವ ರೂಢಿ ಎಷ್ಟು ಅಜ್ಞಾನದ್ದೆಂದು ಮಾತ್ರ ಹೇಳುತ್ತಿದ್ದೇವೆ. ವೈದ್ಯರು ಬಳಿಯಿರಬೇಕಾದ ಹೊತ್ತಿನಲ್ಲಿ ನಾವು ಛಾಯಾಗ್ರಾಹಕರನ್ನು ಕರೆಸುತ್ತಿದ್ದೇವೆ.

ಇನ್ನು ರಾಜಕಾರಣದ ಮಾತು. ಇದನ್ನು ಬಿಡುವಂತಿಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪಿತ್ತಿತು. ಆಗಸ್ಟ್ 24ರಂದು ದೇಶಾದ್ಯಂತ ಜೈನರು, ಪಂಥಭೇದ ಮರೆತು, ಮೌನ ಮೆರವಣಿಗೆಯಲ್ಲಿ ಬೀದಿಗಿಳಿದರು. ಆಗಸ್ಟ್ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಆ ದಿನಗಳಲ್ಲಿ ನಾವು ಮಂಡಿಸಿದ ವಾದ ಯಾವುದು? ಸಲ್ಲೇಖನ ಬಲವಂತದ್ದಲ್ಲ, ಆವೇಶದ್ದಲ್ಲ. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎದುರಾದಾಗ ಮಾತ್ರ ವಿಹಿತವೆಂದು ಸಮಂತಭದ್ರಾಚಾರ್ಯರು ಹೇಳಿದ್ದಾರೆ. ಸಂಪೂರ್ಣ ವಿವೇಕವುಳ್ಳ ಪ್ರಬುದ್ಧ ವ್ಯಕ್ತಿ ಸಮಚಿತ್ತದಿಂದ ಕೈಗೊಳ್ಳುವ ನಿರ್ಧಾರ ಅದು. ಈ ವಾದವನ್ನು ನಾವು ಇಂದಿಗೂ ನಂಬುತ್ತೇವೆ. ಆದರೆ ಈ ವಾದ ನಿಜವಾಗಿದ್ದರೆ ಅದು ನಮ್ಮನ್ನೂ ಕಟ್ಟಿಹಾಕುತ್ತದೆ. ವಿವೇಕವುಳ್ಳ ಪ್ರಬುದ್ಧರ ಸಂಕಲ್ಪವೆಂಬುದೇ ಸಲ್ಲೇಖನದ ರಕ್ಷಾಕವಚವಾದರೆ, 13 ವರ್ಷದ ಮಗುವಿನ ದೀರ್ಘ ಉಪವಾಸಕ್ಕೆ ಅದೇ ಕವಚವನ್ನು ತೊಡಿಸಲಾಗದು. 2015ರಲ್ಲಿ ಒಂದು ತಿಂಗಳೊಳಗೆ ದೇಶವನ್ನೇ ಎಚ್ಚರಿಸಿದ ನಾವು 2016ರಲ್ಲಿ ನಮ್ಮ ಮನೆಗಳನ್ನು ಎಚ್ಚರಿಸಲಿಲ್ಲ. ಬದಲಾಗಿ, ‘ಧರ್ಮದ ವಿಷಯದಲ್ಲಿ ಸರ್ಕಾರ ಕೈಹಾಕಬಾರದು’ ಎಂಬ ಕೂಗು ನಮ್ಮೊಳಗಿಂದ ಎದ್ದಿತು.

ಈ ಕೂಗು ಸಂವಿಧಾನದ ಮುಂದೆಯೂ ನಿಲ್ಲದು. ಧರ್ಮಾಚರಣೆಯ ಸ್ವಾತಂತ್ರ್ಯ ನೀಡುವ 25ನೆಯ ವಿಧಿಯೇ ಅದನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಡಿಸಿದೆ. 2016ರ ಜನವರಿಯಲ್ಲಿ ಜಾರಿಗೆ ಬಂದ ಬಾಲನ್ಯಾಯ ಕಾಯ್ದೆಯ 75ನೆಯ ಕಲಮು ತನ್ನ ರಕ್ಷಣೆಯಲ್ಲಿರುವ ಮಗುವನ್ನು ಅನವಶ್ಯಕ ನೋವಿಗೆ ಗುರಿಮಾಡುವವರನ್ನು ಶಿಕ್ಷಿಸುತ್ತದೆ, ಆ ಕಾಯ್ದೆಯಲ್ಲಿ 18 ತುಂಬದವರೆಲ್ಲರೂ ಮಕ್ಕಳೇ. ಕಾನೂನು ಇಷ್ಟು ಸ್ಪಷ್ಟವಿದೆ. ಆದರೆ ಪೊಲೀಸರು ನಮ್ಮ ಮನೆಯ ಬಾಗಿಲು ತಟ್ಟುವವರೆಗೆ ಕಾಯುವುದು ಅಹಿಂಸೆಯನ್ನು ಪರಮ ಧರ್ಮವೆಂದ ಸಮಾಜಕ್ಕೆ ಶೋಭೆಯಲ್ಲ. 2014ರಲ್ಲಿ ರಾಷ್ಟ್ರೀಯ ಅಲ್ಪಸಂಖ್ಯಾತ ಸ್ಥಾನ ಪಡೆದ ಸಮುದಾಯ ಹಕ್ಕುಗಳ ಪಟ್ಟಿಯನ್ನು ಮಾತ್ರ ಕಂಠಪಾಠ ಮಾಡಿದರೆ ಸಾಲದು. ತನ್ನ ಒಳಗಿನ ದೋಷವನ್ನು ತಾನೇ ತಿದ್ದಿಕೊಳ್ಳಬಲ್ಲ ಸಮುದಾಯದ ಮಾತಿಗೆ ಮಾತ್ರ ಹೊರಗೆ ತೂಕವಿರುತ್ತದೆ.

ಹಾಗಾದರೆ ಮಾಡಬೇಕಾದುದೇನು? ನಾಡಿನಿಂದ ದೂರದಲ್ಲಿರುವ ಕನ್ನಡ ಜೈನ ಸಂಘಗಳು, ಅವು ಹೈದರಾಬಾದಿನವೇ ಇರಲಿ, ಮುಂಬಯಿ, ಪುಣೆ, ದೆಹಲಿಯವೇ ಇರಲಿ, ಹೊರದೇಶದವೇ ಇರಲಿ, ಈ ಚಾತುರ್ಮಾಸಕ್ಕೆ ಮೊದಲು ನಾಲ್ಕು ನಿರ್ಣಯಗಳನ್ನು ಕೈಗೊಳ್ಳಲಿ ಎಂದು ನಾವು ವಿನಂತಿಸುತ್ತೇವೆ. ಮೊದಲನೆಯದು, 18 ತುಂಬದ ಯಾರಿಗೂ ಸಂಘದ ವೇದಿಕೆಯಲ್ಲಿ ಬಹುದಿನದ ಉಪವಾಸದ ಸಂಕಲ್ಪ ಮಾಡಿಸಕೂಡದು. ಎರಡನೆಯದು, ಉಪವಾಸ ಮಾಡಿದವರ ದಿನಗಳ ಸಂಖ್ಯೆಯನ್ನು ಘೋಷಿಸುವುದು, ಫ್ಲೆಕ್ಸ್ ಹಾಕುವುದು, ಮೆರವಣಿಗೆ ತೆಗೆಯುವುದು ನಿಲ್ಲಬೇಕು. ಮೂರನೆಯದು, ದೊಡ್ಡವರೇ ದೀರ್ಘ ಉಪವಾಸ ಕೈಗೊಂಡರೂ ಆರಂಭಕ್ಕೆ ಮೊದಲು, ನಡುವೆ, ಪಾರಣೆಯ ಸಮಯದಲ್ಲಿ ವೈದ್ಯರ ತಪಾಸಣೆ ಇರಬೇಕು, ಮತ್ತು ನಡುವೆ ನಿಲ್ಲಿಸಿದವರನ್ನು ಯಾರೂ ವ್ರತಭಂಗವೆಂದು ಹಂಗಿಸಬಾರದು. ನಾಲ್ಕನೆಯದು, ನಮ್ಮ ತ್ಯಾಗಿಗಳಲ್ಲಿಯೂ ಭಟ್ಟಾರಕರಲ್ಲಿಯೂ ಇದನ್ನೇ ಪ್ರವಚನದಲ್ಲಿ ಹೇಳಿರೆಂದು ವಿನಯದಿಂದ ಕೇಳಿಕೊಳ್ಳಬೇಕು. ಹತ್ತು ಸಂಪಾದಕೀಯಗಳಿಂದ ಆಗದುದು ಅವರ ಒಂದು ಮಾತಿನಿಂದ ಆಗುತ್ತದೆ.

ಮಕ್ಕಳಿಗೆ ಮತ್ತೆ ಏನು ಕೊಡೋಣ? ಕೊಡಲು ನಮ್ಮಲ್ಲಿ ಬಹಳವಿದೆ. ಹಸಿವಿಗಿಂತ ಒಂದು ತುತ್ತು ಕಡಿಮೆ ಉಣ್ಣುವ ಅವಮೌದರ್ಯವನ್ನು ದೊಡ್ಡವರು ಮನೆಯಲ್ಲಿ ಮಾಡಿ ತೋರಿಸಲಿ. ತಟ್ಟೆಯಲ್ಲಿ ಅನ್ನ ಬಿಡದಿರುವುದನ್ನು ಮಕ್ಕಳು ಕಲಿಯಲಿ. ವಾರಕ್ಕೊಮ್ಮೆ ಮೊಬೈಲನ್ನು ಕಪಾಟಿನಲ್ಲಿಟ್ಟು ಮನೆಮಂದಿಯೆಲ್ಲ 48 ನಿಮಿಷಗಳ ಸಾಮಾಯಿಕಕ್ಕೆ ಕುಳಿತುಕೊಳ್ಳಲಿ. ಹೈಟೆಕ್ ಸಿಟಿಯ ದಟ್ಟಣೆಯಲ್ಲಿ ಇದಕ್ಕಿಂತ ಹೆಚ್ಚು ಸಮಯವನ್ನು ನಾವು ಪ್ರತಿದಿನ ಕಾರಿನಲ್ಲಿಯೇ ಕಳೆಯುತ್ತೇವೆ. ಮಲಗುವ ಮುನ್ನ, ಇಂದು ಯಾರ ಮನಸ್ಸನ್ನು ನೋಯಿಸಿದೆ ಎಂದು ಒಬ್ಬೊಬ್ಬರೂ ನೆನೆದುಕೊಳ್ಳುವುದೇ ಮಕ್ಕಳಿಗೆ ಅರ್ಥವಾಗುವ ಪ್ರತಿಕ್ರಮಣ. ತಂದೆಯಾದವನು ಮಗನೆದುರು ತನ್ನ ತಪ್ಪನ್ನು ಒಪ್ಪಿಕೊಂಡರೆ ಅಂದು ಆ ಮನೆಯಲ್ಲಿ ಪ್ರಾಯಶ್ಚಿತ್ತವೆಂಬ ತಪಸ್ಸು ನಡೆಯಿತು. ಕೆಲಸಕ್ಕೆ ಬರುವ ಹೆಂಗಸಿನೊಡನೆ ದನಿ ಏರಿಸದೆ ಮಾತಾಡಿದರೆ ಭಾಷಾಸಮಿತಿಯ ಪಾಠವಾಯಿತು. ಇವು ಸಣ್ಣವಾಗಿ ಕಾಣುತ್ತವೆ. ಮಾಡಿ ನೋಡಿದವರಿಗೆ ಮಾತ್ರ ಇವು ಎಷ್ಟು ಕಠಿನವೆಂದು ಗೊತ್ತಾಗುತ್ತದೆ. ಹತ್ತು ದಿನ ಅನ್ನ ಬಿಟ್ಟವರಿಗೂ ಒಂದು ದಿನ ಹಟ ಬಿಡಲು ಆಗದಿರುವುದನ್ನು ನಾವೆಲ್ಲ ನಮ್ಮ ನಮ್ಮ ಮನೆಗಳಲ್ಲಿ ಕಂಡಿಲ್ಲವೇ?

ಕೊನೆಯದಾಗಿ ಒಂದು ಮಾತು. 68 ಎಂಬ ಸಂಖ್ಯೆ ಜೈನರಿಗೆ ಅಪರಿಚಿತವಲ್ಲ. ಫಲಶ್ರುತಿಯ ಸಾಲುಗಳನ್ನೂ ಸೇರಿಸಿ ಎಣಿಸಿದರೆ ಣಮೋಕಾರ ಮಹಾಮಂತ್ರದಲ್ಲಿ 68 ಅಕ್ಷರಗಳಿವೆ. ಎಲ್ಲ ಪಂಥಗಳ ಜೈನರೂ ಹುಟ್ಟಿದಂದಿನಿಂದ ಕೊನೆಯುಸಿರಿನವರೆಗೆ ಹೇಳುವ ಮಂತ್ರ ಅದು. ಅದರಲ್ಲಿ ನಮನವಿದೆ, ನಮನಕ್ಕೆ ಯೋಗ್ಯವಾದ ಗುಣವಿದೆ. ಆದರೆ ಒಬ್ಬರ ಹೆಸರೂ ಇಲ್ಲ. ವೃಷಭನ ಹೆಸರಿಲ್ಲ, ಮಹಾವೀರನ ಹೆಸರೂ ಇಲ್ಲ. ಹೆಸರು ಅಳಿದ ಮೇಲೆ ಉಳಿಯುವುದಕ್ಕೆ ಮಾತ್ರ ತಲೆಬಾಗಬೇಕೆಂದು ಅದನ್ನು ರಚಿಸಿದವರು ತಿಳಿದಿದ್ದರು. ಅದನ್ನು ರಚಿಸಿದವರ ಹೆಸರೂ ನಮಗೆ ಬಂದಿಲ್ಲ.

ಈ ವರ್ಷ ಕ್ಷಮಾವಣಿಯ ದಿನ ಪರಸ್ಪರ ಕೈಮುಗಿದು ಕ್ಷಮೆ ಕೇಳುವಾಗ, ನಮ್ಮೂರಿನ ಆ ಮಗುವಿನಲ್ಲಿಯೂ ಒಮ್ಮೆ ಕ್ಷಮೆ ಕೇಳೋಣ. ಹೊಗಳಿದವರೂ ಕೇಳಲಿ, ನಮಗೇನು ಸಂಬಂಧವೆಂದು ಸುಮ್ಮನಿದ್ದವರೂ ಕೇಳಲಿ. ಅನಂತರ ಮನೆಗೆ ಬಂದು ನಮ್ಮ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೂರ್ಯ ಮುಳುಗುವ ಮೊದಲು, ಹೊಟ್ಟೆ ತುಂಬ ಊಟ ಬಡಿಸೋಣ.